ಹೆಸರಿಗೆ ಬಿಟ್ಟ ಜಾಗ

ಕಾರ ಹುಣ್ಣಿಮೆಗೆ ನಾಲ್ಕು ದಿನ ಮೊದಲು, ನಮ್ಮ ಹಿಟ್ಟಿನ ಗಿರಣಿಯ ಬಾಗಿಲಿಗೆ ಹಚ್ಚಲೆಂದು ಮನೆಯವರು ಹಸಿರು ಬಣ್ಣದ ಡಬ್ಬಿ ತಂದರು. ಸ್ಕ್ರೂ ಡ್ರೈವರಿನಿಂದ ಮುಚ್ಚಳ ಮೀಟಿದ್ದೇ ತಡ, ಆಯಿಲ್ ಪೇಂಟಿನ ಘಾಟು ಗಿರಣಿಯ ತುಂಬ ಹರಡಿತು. ಜೋಳದ ಹಿಟ್ಟಿನ ವಾಸನೆ ಬಿಟ್ಟರೆ ಬೇರೆ ಯಾವುದಕ್ಕೂ ಜಾಗ ಕೊಡದ ಗಿರಣಿ ಅದು. ಮಗಳು ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು. ನಾನು ಡಬ್ಬಿಯ ಮೇಲೆ ಬಗ್ಗಿ ಇನ್ನೊಮ್ಮೆ ಉಸಿರೆಳೆದುಕೊಂಡೆ. "ನಿನಗೇನ್ ಹುಚ್ಚ ಹಿಡದೈತೇನ?" ಎಂದು ಮನೆಯವರು ನಕ್ಕರು. ನನಗೆ ಯಾರು ನೆನಪಾದರೆಂದು ಅವರಿಗೂ ಗೊತ್ತಿತ್ತು. ನಮ್ಮಿಬ್ಬರ ಸಂಬಂಧ ಆ ಮನುಷ್ಯನಿಂದಲೇ ಮುರಿಯುವುದರಲ್ಲಿತ್ತು, ಆ ಮನುಷ್ಯನಿಂದಲೇ ಕೂಡಿತು…

ಎಲ್ಲರೂ ಅವರನ್ನು ಪೇಂಟರ್ ಕಾಕಾ ಎನ್ನುತ್ತಿದ್ದರು. ನನ್ನ ತವರೂರಿನ ಬಸ್ ನಿಲ್ದಾಣದ ಎದುರಿಗೆ ಒಂದೇ ತಗಡಿನ ಸೂರಿನ ಕೆಳಗೆ ಎರಡು ಅಂಗಡಿಗಳಿದ್ದವು. ಒಂದು ನನ್ನ ಹೊಲಿಗೆ ಅಂಗಡಿ, ಇನ್ನೊಂದು ಅವರ ಬಣ್ಣದ ಅಂಗಡಿ. ನಡುವೆ ಗೋಡೆಯ ಬದಲು ಯಾವುದೋ ಹಳೆಯ ಬ್ಯಾನರಿನ ಬಟ್ಟೆ ತೂಗುತ್ತಿತ್ತು. ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿ ಕಡೆಗೆ ಹೋಗುವ ಬಸ್ಸುಗಳು ಐದು ನಿಮಿಷ ನಿಂತು, ಡ್ರೈವರ್ ಚಹಾ ಕುಡಿದು ಹೋಗುವ ಊರು ಅದು. ಊರಿನ ಹೆಸರು ಹೇಳುವುದಿಲ್ಲ. ಹಳ್ಳದಾಚೆ ಇರುವ, ನಾನು ಸೊಸೆಯಾಗಿ ಬಂದ ಈ ಊರಿನ ಹೆಸರನ್ನೂ ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಇನ್ನೊಂದಕ್ಕೆ ಸಿಟ್ಟು ಬರುತ್ತದೆ, ನಾನು ಎರಡೂ ಕಡೆ ಊಟ ಮಾಡಬೇಕಾದವಳು.

ಕಾಕಾ ಎತ್ತರದ, ಸಣಕಲು ಮನುಷ್ಯ. ಉಗುರಿನ ಸಂದಿಯಲ್ಲಿ ಯಾವಾಗಲೂ ಮೂರು ನಾಲ್ಕು ಬಣ್ಣ. ಅವರ ಮನೆತನ ನಮ್ಮೂರಿಗೆ ಎಂದು ಬಂತೆಂದು ಯಾರಿಗೂ ಗೊತ್ತಿಲ್ಲ. ಅವರಜ್ಜ ಮಸೀದಿಯ ಗೋಡೆಗೂ ಮಠದ ಗೋಡೆಗೂ ಒಂದೇ ಬಕೆಟ್ಟಿನ ಸುಣ್ಣ ಬಳಿದವರಂತೆ. ಕಾರ ಹುಣ್ಣಿಮೆ ಬಂತೆಂದರೆ ಕಾಕಾ ಉಳಿದ ಬಳಿದ ಡಬ್ಬಿಗಳನ್ನೆಲ್ಲ ಹೊರಗಿಟ್ಟುಕೊಂಡು ಎತ್ತುಗಳ ಕೋಡಿಗೆ ಬಣ್ಣ ಹಚ್ಚುತ್ತಿದ್ದರು. ಸುಮ್ಮನೆ ನಿಂತ ಎತ್ತಿಗೆ ಎರಡು ಬಣ್ಣ, ತಲೆ ಕೊಡವಿದ ಎತ್ತಿಗೆ ಒಂದೇ ಬಣ್ಣ.

ನನ್ನ ಗುರುತು ಹಾಕುವ ಸೀಮೆಸುಣ್ಣವನ್ನು ಹೇಳದೆ ಕೇಳದೆ ಒಯ್ಯುತ್ತಿದ್ದರು. ನನ್ನ ರೀಲಿನಿಂದಲೇ ಮಾರುದ್ದ ದಾರ ಎಳೆದು, ಅದಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಒಂದು ತುದಿ ನನ್ನ ಕೈಗೆ ಕೊಡುತ್ತಿದ್ದರು. ಹಲಗೆಯ ಮೇಲೆ ದಾರ ಬಿಗಿಹಿಡಿದು ನಡುವೆ ಎತ್ತಿ ಟಪ್ಪೆಂದು ಬಿಟ್ಟರೆ ಗೆರೆ ಮೂಡುತ್ತಿತ್ತು. ಕತ್ತರಿಸಿ ಉಳಿದ ನನ್ನ ಚಿಂದಿ ಬಟ್ಟೆಗಳೆಲ್ಲ ಅವರ ಬ್ರಷ್ ಒರೆಸಲಿಕ್ಕೆ. ಊರಿನ ಹೆಂಗಸರ ಕುಪ್ಪಸದ ಬಣ್ಣಗಳೆಲ್ಲ ಅವರ ಹೆಗಲ ಮೇಲೆ ನೇತಾಡುತ್ತಿದ್ದವು. ಯಾರಾದರೂ ಅದಕ್ಕೆ ನಕ್ಕರೆ, "ನಕ್ಕೊಳ್ರಿ, ನಿಮ್ಮ ಮನಿಯಾಕಿ ತುಂಡೂ ಇದರಾಗ ಐತಿ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಕಾಕಾನಿಗೆ ಇನ್ನೊಂದು ಹುಚ್ಚಿತ್ತು. ಹಿಂದೆ ಯಾವಾಗಲೋ ಕಾಲೇಜಿನ ಒಬ್ಬ ಮೇಷ್ಟ್ರು ಸುತ್ತಲಿನ ಹಳ್ಳಿಗಳ ಶಾಸನ ಓದಲು ಬಂದಾಗ ಇವರು ನೀರಿನ ಬಕೆಟ್ ಹಿಡಿದುಕೊಂಡು ಅವರ ಹಿಂದೆ ತಿಂಗಳಗಟ್ಟಲೆ ತಿರುಗಿದ್ದರಂತೆ. ತಿರುಗಿ ತಿರುಗಿ ಹಳೆಯ ಅಕ್ಷರ ಓದುವುದನ್ನು ಕಲಿತುಬಿಟ್ಟಿದ್ದರು. ಕಲ್ಲು ತೊಳೆದು ಒಣಗಿಸಿ, ಅದರ ಮೇಲೆ ಒಂದು ಹಿಡಿ ಜೋಳದ ಹಿಟ್ಟು ತೂರಿ ಅಂಗೈಯಿಂದ ಸವರಿದರೆ ಹಿಟ್ಟು ಕೊರೆದ ಜಾಗದಲ್ಲಿ ಮಾತ್ರ ಕೂತು ಅಕ್ಷರ ಬೆಳ್ಳಗೆ ಎದ್ದು ಬರುತ್ತಿದ್ದವು. ತಿನ್ನುವ ಹಿಟ್ಟು ಕಲ್ಲಿಗೆ ಹಾಕ್ತಾನೆ ಎಂದು ಹೆಂಗಸರು ಬೈಯುತ್ತಿದ್ದರು. ಇವರು ಹಿಟ್ಟು ಕೇಳುವುದನ್ನೂ ಬಿಡುತ್ತಿರಲಿಲ್ಲ, ಅವರು ಬೈದುಕೊಂಡೇ ಕೊಡುವುದನ್ನೂ ಬಿಡುತ್ತಿರಲಿಲ್ಲ.

ಆಗ ಪಂಚಾಯಿತಿಗೆ ಅಧ್ಯಕ್ಷರಾಗಿದ್ದವರು ನಮ್ಮ ಗೌಡರು. ಎಲ್ಲೋ ಪ್ರವಾಸಕ್ಕೆ ಹೋದಾಗ ರಸ್ತೆ ಪಕ್ಕದ ಹಳೆಯ ಗುಡಿಗಳ ಮುಂದೆ ಇತಿಹಾಸ ಬರೆದ ಫಲಕ ನೋಡಿ ಬಂದಿದ್ದರು. ನಮ್ಮೂರಿಗೂ ಅಂಥವು ಬೇಕು ಎಂದು ಹಟ ಹಿಡಿದರು. ಫ್ಲೆಕ್ಸ್ ಬಂದು ಕಾಕಾನ ಕೈ ಖಾಲಿಯಾಗತೊಡಗಿದ್ದ ಕಾಲ ಅದು. ಕೆಲಸ ಅವರಿಗೇ ಬಂತು: ಐದು ತಗಡಿನ ಫಲಕ, ಹಳದಿ ಮೈ, ಕಪ್ಪು ಅಕ್ಷರ. ಮಾತೂ ಕಾಕಾನದೇ, ಬರಹವೂ ಕಾಕಾನದೇ. ಅವತ್ತು ಅವರು ಪರದೆ ಸರಿಸಿ ಈ ಸುದ್ದಿ ಹೇಳಿದಾಗ ಮುಖ ನೋಡಬೇಕಿತ್ತು, ಮದುವೆ ಗೊತ್ತಾದದ್ದು ನನಗೋ ಅವರಿಗೋ ಎನ್ನುವ ಹಾಗಿತ್ತು.

ನಾಲ್ಕು ಫಲಕಗಳು ಒಂದೊಂದಾಗಿ ಎದ್ದು ನಿಂತವು. ಬಸ್ಸಿನವರು ಇಳಿದು ಓದಿ ನಕ್ಕು ಹತ್ತುತ್ತಿದ್ದರು. ರಸ್ತೆ ಬದಿಯ ಹಳೆಯ ಮೈಲಿಗಲ್ಲಿಗೆ, "ಇದರ ಮೇಲೆ ಬಿಜಾಪುರ ಎಷ್ಟು ಮೈಲಿ ಎಂದು ಕೊರೆದಿತ್ತು. ದನಗಳು ಮೈ ತಿಕ್ಕಿ ಅಂಕಿ ಸವೆದಿದೆ. ದೂರ ಸವೆದಿಲ್ಲ" ಎಂದು ಬರೆದಿದ್ದರು. ಊರ ಅಗಸಿಗೆ, "ಈ ಹೆಬ್ಬಾಗಿಲಿಗೆ ಕಟ್ಟಿಗೆಯ ಕದಗಳಿದ್ದವು. ಎಲ್ಲಿವೆಯೆಂದು ಗೊತ್ತಿದ್ದವರು ಪಂಚಾಯಿತಿಗೆ ತಿಳಿಸಬೇಕು" ಎಂದು ಬರೆದರು. ಎಂಟು ದಿನದಲ್ಲಿ ಒಂದು ಕದ ಪತ್ತೆಯಾಯಿತು. ಗೌಡರ ಮನೆಯ ಮಾಳಿಗೆಯ ಮೇಲೆಯೇ ಹಾಸಿತ್ತು, ಅದರ ಮೇಲೆ ಅವರ ತಾಯಿ ಮೆಣಸಿನಕಾಯಿ ಒಣಗಿಸುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹಲಗೆಯ ಮೇಲೆ ಬರೆಯುವ ಧೈರ್ಯ ಕಾಕಾನಿಗಿತ್ತು. ಐದನೆಯ ಫಲಕದಲ್ಲಿ ಮಾತ್ರ ಎಡವಿದರು.

ಐದನೆಯದು ವೀರಗಲ್ಲಿನದು. ಬಸ್ ನಿಲ್ದಾಣದ ಪಕ್ಕದಲ್ಲಿ ಬೇವಿನ ಮರದ ಬುಡಕ್ಕೆ ಆನಿಸಿ ನಿಂತ ಎದೆಮಟ್ಟದ ಕಲ್ಲು. ಕೆಳಗೆ ದನಗಳ ಸಾಲು, ನಡುವೆ ಬಿಲ್ಲು ಹಿಡಿದವನು, ಮೇಲೆ ಅವನನ್ನು ಸ್ವರ್ಗಕ್ಕೆ ಒಯ್ಯುವ ಹೆಣ್ಣುಗಳು. ದನಗಳ್ಳರೊಂದಿಗೆ ಕಾದಾಡಿ ಸತ್ತವನ ಕಲ್ಲು ಎಂಬುದು ಎಲ್ಲರಿಗೂ ಗೊತ್ತು. ಕಳ್ಳರು ಯಾರು? ನಮ್ಮೂರಿನಲ್ಲಿ ತೊಟ್ಟಿಲ ಕೂಸಿಗೂ ಉತ್ತರ ಬರುತ್ತಿತ್ತು: ಹಳ್ಳದಾಚೆಯವರು. ಕಾರ ಹುಣ್ಣಿಮೆಯ ದಿನ ಎತ್ತು ಓಡಿಸುವಾಗ ಆ ಊರಿನ ಎತ್ತು ಮುಂದಾದರೆ ಸಾಕು, "ಕದ್ದ ಎತ್ತು, ಕದ್ದ ಎತ್ತು" ಎಂದು ನಮ್ಮವರು ಕೂಗುತ್ತಿದ್ದರು. ಅವರೂ ಬಿಡುತ್ತಿರಲಿಲ್ಲ, ಕಟ್ಟಿ ಹಾಕೋದು ಕಲೀರಿ ಎನ್ನುತ್ತಿದ್ದರು. ಬಾಯಿಯ ಮಾತಾಗಿ ಇದ್ದಷ್ಟು ದಿನ ಅದು ಬರೀ ತಮಾಷೆ.

ಇಂಥ ಹಳ್ಳದಾಚೆಯ ಊರಿಗೇ ನನ್ನನ್ನು ಕೊಡುವ ಮಾತಾಗಿತ್ತು. ಗಿರಣಿಯವರ ಮನೆ, ಒಬ್ಬನೇ ಮಗ. ಮಾತಾಗುವ ಮೊದಲೇ ಆ ಮಗ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ನನ್ನ ಅಂಗಡಿಗೆ ಮೂರು ಸಲ ಬಂದಿದ್ದ. ಒಂದೇ ಪ್ಯಾಂಟು. ನಾಲ್ಕನೆಯ ಸಲ ಬಂದಿದ್ದರೆ ಅದು ಚಡ್ಡಿಯಾಗುತ್ತಿತ್ತು. ಪರದೆಯ ಆಚೆ ಕಾಕಾ ಕೆಮ್ಮಿ ಕೆಮ್ಮಿ, "ಮಗಳ, ಆ ಹುಡುಗನ ಕಾಲ ಬೆಳ್ಯಾಕತ್ತಾವೋ ಕುಗ್ಗಾಕತ್ತಾವೋ ನೋಡವ್ವಾ" ಎನ್ನುತ್ತಿದ್ದರು. ನನಗೆ ನಾಚಿಕೆಯೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು. ನನಗೆ ಅವನು ಬೇಕಾಗಿದ್ದ. ಇದನ್ನು ಹೇಳಲು ಈಗೇನು ಸಂಕೋಚ…

ಗೌಡರು ತೆಂಗಿನಕಾಯಿ ಒಡೆದು ಐದನೆಯ ಫಲಕದ ಮೇಲಿನ ಬಟ್ಟೆ ಸರಿಸಿದರು. ಇಂಥ ಊರಿನ ಕಳ್ಳರು ನಮ್ಮ ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಕಾದಾಡಿ ಮಡಿದ ವೀರನ ಕಲ್ಲು ಎಂದಿತ್ತು. ಹಳ್ಳದಾಚೆಯ ಊರಿನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಿತ್ತು. ನಮ್ಮೂರಿನವರು ಸಿಳ್ಳೆ ಹಾಕಿದರು, ಚಪ್ಪಾಳೆ ತಟ್ಟಿದರು, ಕಾಕಾನಿಗೆ ಹಾರ ಹಾಕಿದರು. ನಾನೂ ಚಪ್ಪಾಳೆ ತಟ್ಟಿದೆ, ದಡ್ಡಿ.

ಆ ಊರಿನವರು ಸಂತೆಗೆ, ಆಸ್ಪತ್ರೆಗೆ, ಎಲ್ಲದಕ್ಕೂ ಆ ಫಲಕದ ಮುಂದೆಯೇ ಬಸ್ಸು ಹಿಡಿಯಬೇಕು. ಮರುದಿನ ಗಿರಣಿಯ ಯಜಮಾನರು, ಅಂದರೆ ಮುಂದೆ ನನ್ನ ಮಾವನಾದವರು, ಗಾಡಿ ನಿಲ್ಲಿಸಿ ಫಲಕವನ್ನು ಎರಡು ಸಲ ಓದಿದರಂತೆ. ಗಾಡಿ ತಿರುಗಿಸಿಕೊಂಡು ಹೊರಟುಹೋದರು. ಸಂಜೆ ಅವರ ಕಡೆಯಿಂದ ಮಾತು ಬಂತು: ಕಳ್ಳರ ಮನೆಗೆ ಹೆಣ್ಣು ಕೊಡುವುದು ಬೇಡ, ಆ ಹಲಗೆ ನಿಂತಿರುವವರೆಗೆ ಈ ಸಂಬಂಧ ಇಲ್ಲ. ಅಪ್ಪ ಮೆತ್ತಗಿನ ಮನುಷ್ಯನಲ್ಲ. "ಕಲ್ಲಿನ್ಯಾಗ ಇದ್ದದ್ದ ಬರದಾರ. ಅದಕ್ಕ ನಾವೇನ್ ಮಾಡೂಣು?" ಎಂದು ಹೇಳಿ ಕಳಿಸಿದ. ಗೌಡರಂತೂ ಹಲಗೆ ತೆಗೆದರೆ ಊರ ಮಾನ ಹೋದ ಹಾಗೆ ಎಂದರು. ನನ್ನ ಮದುವೆಯ ಕುಪ್ಪಸ ನಾನೇ ಹೊಲಿಯುತ್ತಿದ್ದೆ, ಒಂದು ತೋಳು ಆಗಿತ್ತು. ಇನ್ನೊಂದು ತೋಳು ಯಂತ್ರದ ಮೇಲೆ ಹಾಗೇ ಬಿದ್ದಿತ್ತು.

ನಾಲ್ಕು ದಿನ ಪರದೆಯ ಆಚೆ ಕೆಮ್ಮು ಕೇಳಲಿಲ್ಲ. ಐದನೆಯ ದಿನ ನಾನೇ ಪರದೆ ಸರಿಸಿದೆ.

"ಕಾಕಾ, ಆಣಿ ಮಾಡಿ ಹೇಳ್ರಿ. ಕಲ್ಲಿನ್ಯಾಗ ಆ ಊರ ಹೆಸರು ಖರೇನ ಐತೇನ್ರಿ?"

ಅವರು ತೊಳೆದ ಬ್ರಷ್ಷನ್ನೇ ಮತ್ತೆ ತೊಳೆದರು. ಆಮೇಲೆ ನಿಧಾನಕ್ಕೆ ಹೇಳಿದರು.

"ಇಲ್ಲ ಮಗಳ. ಹೆಸರಿದ್ದ ಜಾಗದಾಗ ಕಲ್ಲ ಒಡದೈತಿ. ಗೌಡ್ರು, ಹಿರ್ಯಾರು ಎಲ್ಲಾ ಕೂಡಿ ಇದೇನ್ ಕೇಳೂ ಮಾತೇನೋ, ಬರಿಯೋ ಅಂದ್ರು. ಬರದೆ. ನಂಗೂ ಚಪ್ಪಾಳಿ ಬೇಕಾಗಿತ್ತು."

ನನಗೆ ಮೈ ಉರಿದುಹೋಯಿತು. ನನ್ನ ಬಾಳನ್ನು ಚಪ್ಪಾಳೆಗೆ ಮಾರಿದಿರಾ ಎಂದು ಕೂಗಿದೆ. ಇನ್ನೂ ಏನೇನೋ ಅಂದೆ, ಅವನ್ನೆಲ್ಲ ಈಗ ಬರೆಯಲಾರೆ. ಕೊನೆಗೆ, ಯಾರೂ ಇಲ್ಲದ ಹೊತ್ತು ನೋಡಿ ಆ ಹೆಸರಿನ ಮೇಲೆ ಹಳದಿ ಬಳಿದುಬಿಡಿ, ನಿಮಗೆ ಕೈಮುಗಿಯುತ್ತೇನೆ ಎಂದೆ. ಅವರು ತಲೆಯಾಡಿಸಿದರು.

"ಕದ್ದು ಅಳಿಸಿದ್ರ, ಇತ್ತು, ಅಂಜಿ ಅಳಿಸ್ಯಾನ ಅಂತಾರ. ಎಲ್ಲಾರ ಮುಂದ ಬರದೇನಿ, ಎಲ್ಲಾರ ಮುಂದನ ಅಳಸ್ತೇನಿ."

ಹಾಗೆ ಮಾಡಿದರೆ ಗೌಡರು ಮತ್ತೆ ಬ್ರಷ್ ಹಿಡಿಯಲು ಬಿಡುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಊರಿನಲ್ಲಿ ಅಕ್ಷರ ಬಲ್ಲವನು ಎಂದು ಇದ್ದ ಒಂದೇ ಒಂದು ಹೆಸರೂ ಹೋಗುತ್ತಿತ್ತು. ನಾನು ಪರದೆ ಬಿಟ್ಟುಕೊಂಡು ಬಂದೆ.

ಕಾಕಾ ಹಳ್ಳ ದಾಟಿ ತಾವೇ ಗಿರಣಿಗೆ ಹೋದರು. ಗುರುವಾರ ಬೆಳಗ್ಗೆ ಕಲ್ಲಿನ ಹತ್ತಿರ ಬರಬೇಕು, ಬರುವಾಗ ಒಂದು ಚೀಲ ಹಿಟ್ಟು ತರಬೇಕು ಎಂದು ಹೇಳಿ ಬಂದರಂತೆ. ಹಿಟ್ಟು ಯಾಕೆ ಎಂದು ಅವರು ಕೇಳಿದ್ದಕ್ಕೆ, "ನಮ್ಮೂರ ಹಿಟ್ಟಿನ ಮ್ಯಾಲ ನಿಮಗ ನಂಬಿಕಿ ಇರೂದಿಲ್ರಿ" ಎಂದರಂತೆ.

ಗುರುವಾರ ಬೇವಿನ ಮರದ ಕೆಳಗೆ ಎರಡೂ ಊರು ನೆರೆದಿದ್ದವು. ಹಳ್ಳದಾಚೆಯವರು ಒಂದು ಕಡೆ, ನಮ್ಮವರು ಒಂದು ಕಡೆ, ನಡುವೆ ಕಲ್ಲು. ಕಲ್ಲಿಗೆ ತಲೆತಲಾಂತರದಿಂದ ಎಣ್ಣೆ ಹಾಕಿ ಹಾಕಿ ಮೈ ಮೇಣದಂತಾಗಿತ್ತು. ಕಾಕಾ ಮೊದಲು ಕೈಮುಗಿದು, ಬಿಸಿನೀರು ಹಾಕಿ, ಸೀಗೆಪುಡಿ ಹಚ್ಚಿ, ಮನೆಯ ಹಿರಿಯನಿಗೆ ಎರೆಯುವ ಹಾಗೆ ತಿಕ್ಕಿ ತೊಳೆದರು. ಒರೆಸಲು ನನ್ನ ಅಂಗಡಿಯ ಚಿಂದಿಯೇ. ಕಲ್ಲು ಬಿಸಿಲಿಗೆ ಒಣಗುವ ತನಕ ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಆಮೇಲೆ ಕಾಕಾ ಗಿರಣಿಯ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಹಿಟ್ಟು ತೂರಿ ಅಂಗೈಯಿಂದ ಸವರಿದರು. ಸಾಲು ಸಾಲಾಗಿ ಅಕ್ಷರ ಬೆಳ್ಳಗೆ ಎದ್ದವು. ಜನ ಕಲ್ಲಿನ ಹತ್ತಿರಕ್ಕೆ ಒತ್ತಿ ಬಂದರು. ದಿನವೂ ಕುಂಕುಮ ಹಚ್ಚುವ ಕಲ್ಲಿಗೆ ಇಷ್ಟೊಂದು ಮಾತಿದೆಯೆಂದು ಯಾರೂ ಕಂಡಿರಲಿಲ್ಲ.

ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತ ಹೋದರು. ದನ ಹೊಡೆದದ್ದು ಬಂತು, ಅಡ್ಡ ನಿಂತದ್ದು ಬಂತು, ಸತ್ತದ್ದು ಬಂತು. ಯಾವ ಊರಿನವರು ಎಂಬಲ್ಲಿಗೆ ಬಂದಾಗ ಬೆರಳು ಅಂಗೈಯಗಲದ ಒಂದು ಗುಳಿಯೊಳಗೆ ಇಳಿಯಿತು. ಅಲ್ಲಿ ಕಲ್ಲಿನ ಚಕ್ಕೆಯೇ ಎದ್ದುಹೋಗಿತ್ತು. ಕಾಕಾ ಗೌಡರ ಕೈ ಹಿಡಿದು ಆ ಗುಳಿ ಮುಟ್ಟಿಸಿದರು. ಗಿರಣಿಯವರ ಕೈಯನ್ನೂ ಹಿಡಿದು ಮುಟ್ಟಿಸಿದರು.

"ಇಲ್ಲಿ ಒಂದು ಊರಿತ್ರಿ. ಯಾವುದಂತ ನಂಗ ಗೊತ್ತಿಲ್ಲ. ಗೊತ್ತಿಲ್ಲದ ಬರದೇನಿ, ಸುಳ್ಳ ಬರದೇನಿ. ತಪ್ಪು ನಂದು, ಈ ಕಲ್ಲಿಂದಲ್ಲ, ಈ ಹುಡುಗಿದಂತೂ ಅಲ್ಲ."

ಗೌಡರ ಮುಖ ಕೆಂಪಾಗಿತ್ತು. ಆಗ ಗಿರಣಿಯವರು ಗುಳಿಯಿಂದ ಬೆರಳು ತೆಗೆಯದೆಯೇ ತಲೆಯೆತ್ತಿ, "ಅಲ್ರಿ ಗೌಡ್ರ, ಹಂಗಾರ ಕಳ್ಳರು ನಿಮ್ಮವ್ರ ಇದ್ದು, ಸತ್ತಾಂವ ನಮ್ಮಾಂವ ಇದ್ದರೂ ಇರಬಹುದಲ್ಲ?" ಎಂದರು. ನಮ್ಮವರು ಹೋ ಎಂದರು, ಅವರು ಹೋ ಎಂದರು. ಗಲಾಟೆಯೇ ಆಗುತ್ತದೆಂದು ನಾನು ಕಣ್ಣು ಮುಚ್ಚಿಕೊಂಡೆ. ಕಾಕಾ ಮಾತ್ರ ಇದ್ಯಾವುದೂ ಕೇಳಿಸದವರ ಹಾಗೆ ಫಲಕದ ಮುಂದೆ ನಿಂತು, ಆ ದಪ್ಪ ಹೆಸರಿನ ಮೇಲೆ ಹಳದಿ ಬಳಿಯುತ್ತಿದ್ದರು. ಬಳಿದು, ಎರಡೂ ಬದಿಗೆ ಚುಕ್ಕಿ ಇಟ್ಟು, ನಡುವೆ ಅಂಗೈಯಗಲ ಖಾಲಿ ಬಿಟ್ಟು ಹಿಂದೆ ಸರಿದರು.

"ಖಾಲಿ ಬಿಟ್ಟರ ಓದಾವ್ರು ಏನಂದಾರಲೇ?" ಎಂದು ಗೌಡರು ಗುಡುಗಿದರು.

"ಅವರವರಿಗೆ ಬೇಕಾದ ಊರು ಓದ್ಕೋತಾರ್ರಿ. ಬೈಗಳು ಎರಡೂ ಊರಿಗೆ ಸರೀಪಾಲು. ಕಲ್ಲು ಸುಮ್ಮನಾದಲ್ಲಿ ನಾನೂ ಸುಮ್ಮನಾಗಬೇಕಾಗಿತ್ತು."

ಮೊದಲು ನಕ್ಕವರು ಗಿರಣಿಯವರು. ಅವರು ನಕ್ಕರೆ ಮೀಸೆಯಿಂದ ಹಿಟ್ಟು ಉದುರುತ್ತಿತ್ತು. ಅದನ್ನು ನೋಡಿ ಗೌಡರಿಗೂ ನಗು ತಡೆಯಲಾಗಲಿಲ್ಲ. ಎರಡೂ ಕಡೆ ನಗು ಹಬ್ಬಿತು. ಗಿರಣಿಯವರು ಚೀಲದ ಬಾಯಿ ಕಟ್ಟಿ, ಮೂಲೆಯಲ್ಲಿ ಮುಖ ಬಿಗಿದುಕೊಂಡು ನಿಂತಿದ್ದ ನಮ್ಮ ಅಪ್ಪನ ಹತ್ತಿರ ಹೋಗಿ ಅದನ್ನು ಅವನ ಕೈಗಿತ್ತರು.

"ಬೀಗರ, ಹಿಟ್ಟು ಭಾಳ ಉಳದೈತಿ. ರೊಟ್ಟಿ ಬಡಸ್ರಿ, ಉಂಡು ಹೋಗ್ತೇನಿ."

ಬೀಗರ! ಅಪ್ಪ ಚೀಲ ಅಪ್ಪಿಕೊಂಡು ನಿಂತುಬಿಟ್ಟ. ನಾನು ಕಣ್ಣೀರು ಒರೆಸಿಕೊಳ್ಳುತ್ತ ಮನೆಗೆ ಓಡಿ ಒಲೆ ಹೊತ್ತಿಸಿದೆ. ಅವತ್ತು ಎಷ್ಟು ರೊಟ್ಟಿ ಬಡಿದೆನೋ ಲೆಕ್ಕವಿಲ್ಲ. ಕಾಕಾ ನಮ್ಮ ಪಡಸಾಲೆಯಲ್ಲಿ ಮಾವನವರ ಪಕ್ಕದಲ್ಲಿ ಕೂತು ಶೇಂಗಾ ಚಟ್ನಿ ಹಚ್ಚಿಕೊಂಡು ಉಂಡರು. ನಾನು ಅವರ ತಾಟಿಗೆ ಬೆಣ್ಣೆ ಹೆಚ್ಚಿಗೆ ಹಾಕಿದೆ. ಬೈದದ್ದಕ್ಕೆ ತಪ್ಪಾಯಿತು ಎಂದು ಹೇಳಬೇಕಿತ್ತು, ನಾಲಿಗೆ ಹೊರಳಲಿಲ್ಲ. ಅವರು ಬೆಣ್ಣೆ ನೋಡಿ, ನನ್ನ ಮುಖ ನೋಡಿ, ಸುಮ್ಮನೆ ಉಂಡರು.

ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು. ಗೌಡರು ಕೆಲವು ತಿಂಗಳು ಮುಖ ಊದಿಸಿಕೊಂಡಿದ್ದು, ಆಮೇಲೆ ತಾವೇ ಕರೆದು ಪಂಚಾಯಿತಿಯ ಗೋಡೆ ಬರೆಸಿದರು. ಆದರೆ ಆ ಖಾಲಿ ಜಾಗ ಸುಮ್ಮನಿರಲು ಯಾರೂ ಬಿಡಲಿಲ್ಲ. ಮುಂದಿನ ಕಾರ ಹುಣ್ಣಿಮೆಯ ಮರುದಿನ ನೋಡಿದರೆ ಯಾರೋ ಅದರಲ್ಲಿ ಇದ್ದಲಿನಿಂದ ಹಳ್ಳದಾಚೆಯ ಊರಿನ ಹೆಸರು ಬರೆದಿದ್ದರು. ಕಾಕಾ ಸೀಮೆಎಣ್ಣೆ ಅದ್ದಿದ ಚಿಂದಿ ಹಿಡಿದು, "ಯಾವ ಸುಳೀಮಗಾ ಬರದಾನಲೇ, ಕಲ್ಲಿಗೆ ಗೊತ್ತಿಲ್ಲದ್ದು ಇವನಿಗೆ ಗೊತ್ತಾತು!" ಎಂದು ಬಸ್ಸಿನವರಿಗೆಲ್ಲ ಕೇಳುವಂತೆ ಬೈಯುತ್ತ ಒರೆಸಿದರಂತೆ. ಮರುವರ್ಷ ನಮ್ಮೂರಿನ ಹೆಸರಿತ್ತು. ಅದಕ್ಕೂ ಅದೇ ಬೈಗಳು. ಅಲ್ಲಿಂದ ಅದು ರೂಢಿಯೇ ಆಗಿಹೋಯಿತು. ಎತ್ತು ಓಡಿಸುವುದನ್ನು ನೋಡಿದವರು ಮರುದಿನ ಕಾಕಾನ ಬೈಗಳು ಕೇಳಲು ನಿಲ್ದಾಣಕ್ಕೆ ಬರುತ್ತಿದ್ದರು. ಅವರಿಗೂ ಗೊತ್ತಿತ್ತು, ಹೊಸ ಹೊಸ ಬೈಗಳು ಕಟ್ಟಿಕೊಂಡು ತಯಾರಾಗಿರುತ್ತಿದ್ದರು. ನಾನು ತವರಿಗೆ ಹೋದಾಗಲೆಲ್ಲ ಒಂದು ಗಂಟು ಚಿಂದಿ ಒಯ್ಯುತ್ತಿದ್ದೆ. "ಬಂದ್ಯಾ ಕಳ್ಳರ ಸೊಸಿ" ಎಂದು ನಗುತ್ತ ಇಸಿದುಕೊಳ್ಳುತ್ತಿದ್ದರು.

ಕಣ್ಣು ಮಂಜಾದ ಮೇಲೂ ಪ್ರತಿವರ್ಷ ಆ ಒಂದು ಫಲಕಕ್ಕೆ ತಾವೇ ಬಣ್ಣ ಹಚ್ಚಿದರು. ಉಳಿದ ನಾಲ್ಕು ಒಂದೊಂದಾಗಿ ತುಕ್ಕು ಹಿಡಿದು ಬಿದ್ದುಹೋದವು. ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ನಾವು ಹೋಗಿ ಮಣ್ಣು ಕೊಟ್ಟು ಬಂದೆವು, ಅಂದರೆ ಮನೆಯವರು ಕೊಟ್ಟು ಬಂದರು, ನಾನು ಅವರ ಹೆಂಡತಿ ಕಾಕಿಯ ಕೈ ಹಿಡಿದು ಕೂತಿದ್ದೆ. ಆ ತಪ್ಪಾಯಿತು ಎನ್ನುವ ಮಾತು ನನ್ನಲ್ಲೇ ಉಳಿಯಿತು…

ಈ ವರ್ಷ ಕಾರ ಹುಣ್ಣಿಮೆಯ ಮರುದಿನ ತವರಿಗೆ ಹೋದೆ. ಬಸ್ಸಿನಿಂದ ಇಳಿದವಳೇ ಫಲಕ ನೋಡಿದೆ. ಎರಡು ಬದಿಗೆ ಚುಕ್ಕಿ, ನಡುವೆ ಹಳದಿ. ಒಂದು ಗೀರು ಸಹ ಇರಲಿಲ್ಲ. ಪಕ್ಕದ ಚಹಾದಂಗಡಿಯವನನ್ನು ಕೇಳಿದೆ, ಈ ಸಲ ಯಾಕೆ ಯಾರೂ ಬರೆದಿಲ್ಲ ಎಂದು.

"ಬರದ್ರ ಬೈಯಾವ್ರು ಯಾರದಾರ್ರೀ ಅಕ್ಕಾ?" ಎಂದ ಅವನು, ಕಪ್ಪು ತೊಳೆಯುತ್ತ.

ಅವನ ಒಲೆಯ ಪಕ್ಕದಲ್ಲಿ ಬಿದ್ದಿದ್ದ ಒಂದು ಇದ್ದಲು ಎತ್ತಿಕೊಂಡೆ. ನಲವತ್ತೈದು ದಾಟಿದ ಹೆಂಗಸು, ಬಸ್ಸಿನ ಜನ ನೋಡುತ್ತಿದ್ದರು. ತುದಿಗಾಲಲ್ಲಿ ನಿಂತು ಆ ಜಾಗದಲ್ಲಿ ದೊಡ್ಡದಾಗಿ ಒಂದು ಊರಿನ ಹೆಸರು ಬರೆದೆ. ತವರಿನದೋ, ಗಂಡನ ಮನೆಯದೋ, ಹೇಳುವುದಿಲ್ಲ. ಬರೆದು, ಕಪ್ಪಾದ ಬೆರಳು ಸೀರೆಗೆ ತಾಗದ ಹಾಗೆ ಹಿಡಿದುಕೊಂಡು, ಬೇವಿನ ಮರದ ಕೆಳಗೆ ತುಂಬ ಹೊತ್ತು ನಿಂತಿದ್ದೆ. ಯಾರೂ ಬಂದು ಬೈಯಲಿಲ್ಲ.